ಬಾಯಿ ಬಿಡಿಸುವ ಪಾಠ

ಶಿರಾದ ಓದುಗರೊಬ್ಬರು ಬರೆದಿದ್ದಾರೆ: ‘ತುಮಕೂರಿನಲ್ಲಿ ಪೊಲೀಸ್ ಶ್ವಾನದಳದ ಪ್ರದರ್ಶನ ನೋಡಿದೆ. ಓಡುತ್ತಿದ್ದವನ ತೋಳನ್ನು ನಾಯಿ ಹಾರಿ ಹಿಡಿಯಿತು. ಕೆಲವು ದೇಶಗಳಲ್ಲಿ ಕಚ್ಚದೆ ಬೊಗಳಿ ತಡೆಯುವುದನ್ನು ಕಲಿಸುತ್ತಾರಂತೆ. ಮಚ್ಚು ಹಿಡಿದವನ ಮುಂದೆ ನಾಯಿ ಬೊಗಳುತ್ತಾ ನಿಂತರೆ ಪೊಲೀಸರ ಗತಿಯೇನು?’

ನಿಮ್ಮ ಆತಂಕ ನ್ಯಾಯವಾದದ್ದೇ. ಆದರೆ ಬೊಗಳಿ ತಡೆಯುವ ನಾಯಿಗೂ ಕಚ್ಚಲು ಕಲಿಸಿರುತ್ತಾರೆ. ಅಡಗಿದವನು ಅಲುಗಾಡದೆ ನಿಂತರೆ ಎದುರು ನಿಂತು ಬೊಗಳುತ್ತದೆ. ಓಡಿದರೆ, ಮೈಮೇಲೆ ಬಂದರೆ ಹಿಡಿಯುತ್ತದೆ. ಇನ್ನೊಂದು ಪದ್ಧತಿಯ ನಾಯಿ ಕಂಡ ಕೂಡಲೇ ಕಚ್ಚಿ, ಹ್ಯಾಂಡ್ಲರ್ (ನಾಯಿಯನ್ನು ನೋಡಿಕೊಂಡು ನಡೆಸುವ ಪೊಲೀಸ್) ಬರುವ ತನಕ ಬಿಡುವುದಿಲ್ಲ. ಲಾಸ್ ಏಂಜಲೀಸ್ ಪೊಲೀಸರು 1990ರ ದಶಕದ ಆರಂಭದಲ್ಲಿ ಎರಡನೆಯದನ್ನು ಬಿಟ್ಟು ಮೊದಲನೆಯದಕ್ಕೆ ಬಂದರು. ನಾಯಿ ಕಚ್ಚಿ ಆಸ್ಪತ್ರೆಗೆ ಬರುವವರ ಸಂಖ್ಯೆ ಅಲ್ಲಿ ಇಳಿಯಿತು.

ಬೊಗಳಿ ತಡೆಯುವ ಪದ್ಧತಿಗೆ ದೊಡ್ಡ ಕೊರತೆಯೊಂದಿದೆ, ಅದನ್ನು ನೀವು ಸರಿಯಾಗಿಯೇ ಹಿಡಿದಿದ್ದೀರಿ. ಕತ್ತಲಲ್ಲಿ, ಜಾಲಿ ಪೊದೆಯೊಳಗೆ ಸುಮ್ಮನೆ ಕೂತವನ ಬೆನ್ನ ಹಿಂದೆ ಮಚ್ಚಿದೆ ಎಂದು ನಾಯಿಗೆ ತಿಳಿಯದು. ಅದು ಅವನ ಕೈಗೆಟಕುವ ದೂರದಲ್ಲೇ ನಿಂತಿರುತ್ತದೆ. ಆಯುಧ ಇರುವುದು ಮೊದಲೇ ಗೊತ್ತಿದ್ದರೆ ಬರೀ ಬೊಗಳಿಕೆಯನ್ನು ನಂಬಿಕೊಂಡು ನಾಯಿಯನ್ನು ಒಳಗೆ ಬಿಡಬಾರದು.

ಆದರೂ ಪೊಲೀಸರ ಜೀವ ಉಳಿಯುವುದು ನಾಯಿ ಬಾಯಿ ಬಿಡುವುದನ್ನು ಎಷ್ಟು ಚೆನ್ನಾಗಿ ಕಲಿತಿದೆ ಎಂಬುದರ ಮೇಲೆ ಎಂದೇ ನನ್ನ ನಂಬಿಕೆ. ಕಚ್ಚಿಸಿಕೊಂಡವನು ನೋವಿಗೆ ಒದ್ದಾಡುತ್ತಾನೆ, ಕೈ ಎಳೆದುಕೊಳ್ಳುತ್ತಾನೆ. ಎಳೆದಷ್ಟೂ ನಾಯಿ ಬಿಗಿಯಾಗಿ ಹಿಡಿಯುತ್ತದೆ. ಪೊಲೀಸರ ಕಣ್ಣಿಗೆ ಅದು ಪ್ರತಿರೋಧ. ಮಾತಿಗೆ ಬಿಡದ ನಾಯಿಯಾದರೆ ಹ್ಯಾಂಡ್ಲರ್ ಹತ್ತಿರ ಹೋಗಿ ಎರಡೂ ಕೈಯಲ್ಲಿ ಕಾಲರ್ ಹಿಡಿದು ಬಿಡಿಸಬೇಕು. ಆ ಗಳಿಗೆಯಲ್ಲಿ ಅವನ ಎರಡೂ ಕೈ ಕಟ್ಟಿಹಾಕಿದಂತೆ, ಆದರೆ ಆರೋಪಿಯ ಒಂದು ಕೈ ಇನ್ನೂ ಸ್ವತಂತ್ರ. ದೂರದಿಂದ ಕೂಗಿದರೆ ಬಿಟ್ಟು ವಾಪಸ್ ಬರುವ ನಾಯಿ ಇದ್ದರೆ ಹ್ಯಾಂಡ್ಲರ್ ಜೀಪಿನ ಮರೆಯಲ್ಲೇ ನಿಂತು, ‘ಕೈ ತೋರಿಸು, ಮಲಗು’ ಎನ್ನಬಹುದು.

ಇದನ್ನು ಕಲಿಸುವ ರೀತಿ ನೋಡುವಂಥದ್ದು. ನಾಯಿ ಕಚ್ಚಲೆಂದೇ ತೋಳುಗವಸು ತೊಟ್ಟ ಸಹಾಯಕ ಇದ್ದಕ್ಕಿದ್ದಂತೆ ಕಲ್ಲಿನಂತೆ ನಿಂತುಬಿಡುತ್ತಾನೆ. ಎಳೆದಾಟವಿಲ್ಲದ ಗವಸು ನಾಯಿಗೆ ಸಪ್ಪೆ. ‘ಬಿಡು’ ಎಂದಾಗ ಬಿಟ್ಟರೆ ಬಹುಮಾನವಾಗಿ ತಕ್ಷಣ ಮತ್ತೆ ಕಚ್ಚಲು ಕೊಡುತ್ತಾರೆ. ಬಿಟ್ಟರೂ ಆಟ ಮುಗಿಯುವುದಿಲ್ಲ ಎಂದು ನಾಯಿಗೆ ಮನದಟ್ಟಾಗುತ್ತದೆ. ಸರಪಳಿ ಜಗ್ಗಿ, ಶಾಕ್ ಕೊಟ್ಟು ಕಲಿಸಿದರೆ ಕೆಲವು ನಾಯಿಗಳು ಇನ್ನಷ್ಟು ಕಚ್ಚಿ ಹಿಡಿಯುತ್ತವೆ. ಮೇಲೆ ಕಾಣುವ ಗವಸಿನಲ್ಲೇ ಪಳಗಿದ ನಾಯಿ ಬರಿಗೈಯವನನ್ನು ಕಂಡು ತಬ್ಬಿಬ್ಬಾಗುವುದೂ ಉಂಟು. ಅದಕ್ಕೇ ಅಂಗಿಯೊಳಗೆ ಗವಸು ಅಡಗಿಸಿ, ನಾಯಿಗೆ ಬಾಯಿಬುಟ್ಟಿ ಹಾಕಿಯೂ ಅಭ್ಯಾಸ ಮಾಡಿಸಬೇಕು. ಮೈದಾನದ ಪ್ರದರ್ಶನದಲ್ಲಿ ಇದೆಲ್ಲ ಸಾಮಾನ್ಯವಾಗಿ ಕಾಣುವುದಿಲ್ಲ. ಮುಂದಿನ ಸಲ ನಾಯಿ ಹಾರಿದಾಗ ಚಪ್ಪಾಳೆ ತಟ್ಟುವ ಮೊದಲು, ಅದು ಮಾತಿಗೆ ಬಿಟ್ಟಿತೋ ಜಗ್ಗಿ ಬಿಡಿಸಿದರೋ ಗಮನಿಸಿ.

ಕಾನೂನೂ ಇದನ್ನೇ ಕೇಳುತ್ತದೆ: ಬಂಧಿತ ತಪ್ಪಿಸಿಕೊಳ್ಳದಂತೆ ತಡೆಯಲು ಬೇಕಾದ್ದಕ್ಕಿಂತ ಹೆಚ್ಚಿನ ನಿರ್ಬಂಧ ಕೂಡದು. ಕೈ ಮೇಲೆತ್ತಿದವನನ್ನು ನಾಯಿ ಕಚ್ಚುತ್ತಲೇ ಇದ್ದರೆ ಉತ್ತರ ಕೊಡಬೇಕಾದವನು ಹ್ಯಾಂಡ್ಲರ್.

ಇನ್ನೊಂದು ಮಾತು. ನಮ್ಮ ಜಿಲ್ಲಾ ಶ್ವಾನದಳಗಳ ನಾಯಿಗಳಿಗೆ ಮುಖ್ಯವಾಗಿ ಮೂಸುವ ಕೆಲಸ, ಕಳ್ಳನ ಜಾಡು ಇಲ್ಲವೇ ಸ್ಫೋಟಕ. ಉದ್ದ ಹಗ್ಗ ಹಿಡಿದು ಜಾಡಿನ ನಾಯಿಯ ಹಿಂದೆ ಓಡುವ ಹ್ಯಾಂಡ್ಲರ್‌ನ ಕಣ್ಣು ನಾಯಿಯ ಮೇಲಿರುತ್ತದೆ, ಪೊದೆಯ ಮೇಲಲ್ಲ. ಪಾವಗಡದ ಬಂಡೆಗಳ ನಡುವೆಯೇ ಇರಲಿ, ಶಿರಾದ ಹೊಲಗಳಲ್ಲೇ ಇರಲಿ, ಅವನ ಪಕ್ಕದಲ್ಲಿ ಸುತ್ತ ನೋಡುತ್ತಾ ಸಾಗುವ ಇನ್ನೊಬ್ಬ ಪೇದೆ ಇರಲೇಬೇಕು. ಸಿಬ್ಬಂದಿ ಕಡಿಮೆ ಎಂಬ ಕಾರಣಕ್ಕೆ ಅವನನ್ನು ಒಬ್ಬನೇ ಕಳಿಸಬಾರದು.