ಬಿದ್ದಿರೋ ಒಂದೂವರೆ ಅಡಿ ದಪ್ಪದ ಅಕೇಶಿಯಾ ದಿಮ್ಮಿನ ಬಚ್ಚಲೊಲೆ ಸೌದೆಗೆ ಸಾಗ್ಸಕ್ಕೆ ಹಾರೆ ಸಾಕಾ, ಕ್ಯಾಂಟ್ ಹುಕ್ (ದಿಮ್ಮಿ ಉರುಳ್ಸೋ ಕೊಕ್ಕೆ) ತರಿಸ್ಬೇಕಾ ಅಂತ ಕೇಳಿದ್ರಲ್ಲ

ಒಂದೇ ಮರ ಆದ್ರೆ ಹಾರೆನೇ ಸಾಕು ಮಾರಾಯ್ರೇ, ದುಡ್ಡು ಹಾಕ್ಬೇಡಿ. 1 ಅಡಿ ದಪ್ಪ 10 ಅಡಿ ಉದ್ದದ ಹಸಿ ದಿಮ್ಮಿ ಹತ್ತತ್ರ 200 ಕೆಜಿ ತೂಗುತ್ತೆ, ನೀವು ಹೇಳಿದ ಒಂದೂವರೆ ಅಡಿ ದಪ್ಪದ್ದು ಅದರ ಎರಡು ಪಟ್ಟಿಗಿಂತ ಜಾಸ್ತಿ, ಇಬ್ರು ಸೇರಿ ಎತ್ತಕ್ಕೆ ಮಾತ್ರ ಹೋಗ್ಬೇಡಿ ಸೊಂಟ ಹೋಗುತ್ತೆ. 5 ಅಡಿ ಹಾರೆ ತಗೊಂಡು ತುದಿಯಿಂದ ಅರ್ಧ ಅಡಿಗೆ ಒಂದು ಗಟ್ಟಿ ಕಲ್ಲು ಕೊಟ್ಟು ಮೀಟಿ, ನಿಮ್ಮ ಬಲ ಒಂಬತ್ತು ಪಟ್ಟು ಆಗುತ್ತೆ. ದಿಮ್ಮಿ ಮುಂದೆ ಸರಿಯಕ್ಕೆ ಕೆಳಗೆ ಅಡಿಕೆ ದಬ್ಬೆ (ಅಡಿಕೆ ಮರದ ಸೀಳು) ಹಾಕ್ಬೇಡಿ, ಸೀಳಿ ಹೋಗುತ್ತೆ, ಗುಂಡಗಿರೋ ಗಟ್ಟಿ ಕೊಂಬೆ ಮೂರು ಸಾಕು, ಹಿಂದಿಂದು ತೆಗ್ದು ಮುಂದೆ ಹಾಕ್ತಾ ಹೋಗೋದು.

ಕ್ಯಾಂಟ್ ಹುಕ್ ಅಂದ್ರೆ ಉದ್ದ ಹಿಡಿಗೆ ಆಡೋ ಕೊಕ್ಕೆ, ದಿಮ್ಮಿ ಕಚ್ಚಿ ಹಿಡ್ದು ಉರುಳ್ಸುತ್ತೆ, ಜಾರಲ್ಲ. ವರ್ಷವರ್ಷ ಸಿಲ್ವರ್ ಓಕ್ ಕಡಿಸ್ತೀರಿ ಅಂದ್ರೆ ತಗೊಳ್ಳಿ.

ಆದ್ರೆ ಬಚ್ಚಲೊಲೆ ಸೌದೆಗೇ ಅಂದ್ಮೇಲೆ ಇಡೀ ದಿಮ್ಮಿ ಎಂತಕ್ಕೆ ಎಳೀತೀರಿ? ಬಿದ್ದಲ್ಲೇ ಒಂದೂವರೆ ಅಡಿ ತುಂಡು ಮಾಡಿ, ಬೆಣೆ ಹೊಡ್ದು ಅಲ್ಲೇ ಸೀಳಿ, ಕೈಗಾಡೀಲಿ ತನ್ನಿ. ಧರೆ ಇಳಿಜಾರಲ್ಲಿ ದಿಮ್ಮಿಯ ಕೆಳಗಡೆ ಯಾರೂ ನಿಲ್ಲೋದು ಬೇಡ, ಎರಡೂ ಕಡೆ ಕಲ್ಲು ಕೊಟ್ಟೇ ಕೆಲ್ಸ ಶುರು ಮಾಡಿ. ಮಳೆ ಹಿಡಿಯೋದ್ರೊಳಗೆ ಸೂರಡಿ ಸೇರ್ಸಿಬಿಡಿ.