ಮನೆಯ ಕಂಪ್ಯೂಟರಿನಿಂದ ಸಾಫ್ಟ್‌ವೇರ್ ಕಂಪನಿಗಳು ನಿಜಕ್ಕೂ ಗುಟ್ಟಾಗಿ ಮಾಹಿತಿ ಒಯ್ಯುತ್ತವೆಯೇ?

ಒಯ್ಯುತ್ತವೆ. "ಮುಚ್ಚಿಡುವಂಥದ್ದು ನನ್ನಲ್ಲಿ ಏನೂ ಇಲ್ಲ, ಆದರೂ ಚಿಂತಿಸಬೇಕೇ?" ಎಂದೂ ಕೇಳಿದ್ದೀರಿ. ಚಿಂತಿಸಬೇಕು ಎಂದೇ ನನ್ನ ಉತ್ತರ.

ನನಗೆ ಇದು ಅರಿವಾದದ್ದು ವೈರ್‌ಶಾರ್ಕ್‌ನಿಂದ. ಕಂಪ್ಯೂಟರಿಗೆ ಬರುವ, ಅಲ್ಲಿಂದ ಹೊರಡುವ ಪ್ಯಾಕೆಟ್‌ಗಳನ್ನು, ಅಂದರೆ ಮಾಹಿತಿಯ ಸಣ್ಣ ತುಣುಕುಗಳನ್ನು, ತೋರಿಸುವ ಉಚಿತ ತಂತ್ರಾಂಶವದು. ಒಂದು ರಾತ್ರಿ ಅದನ್ನು ಚಾಲೂ ಮಾಡಿ, ಉಳಿದೆಲ್ಲವನ್ನೂ ಮುಚ್ಚಿ ಮಲಗಿದೆ. ಬೆಳಿಗ್ಗೆ ನೋಡಿದರೆ, ವಾರಗಳಿಂದ ನಾನು ತೆರೆದೇ ಇರದಿದ್ದ ಪ್ರಿಂಟರಿನ ತಂತ್ರಾಂಶ ರಾತ್ರಿಯಿಡೀ ಎಲ್ಲೋ ದೂರದ ಸರ್ವರಿನೊಡನೆ ಮಾತನಾಡಿತ್ತು. ಏನು ಹೇಳಿತು ಎಂದು ಬಿಡಿಸಿ ನೋಡಲು ಹೋದರೆ ಬರೀ ಗೂಢಲಿಪಿ. ಕಳ್ಳರಿಂದ ನಮ್ಮನ್ನು ಕಾಯುವ ಎನ್‌ಕ್ರಿಪ್ಶನ್ನೇ ನಮ್ಮ ಯಂತ್ರದಿಂದ ಹೋದದ್ದನ್ನು ನಮಗೇ ಕಾಣದಂತೆ ಮಾಡುತ್ತದೆ. ಯಾವ ವಿಳಾಸಕ್ಕೆ, ಎಷ್ಟು ಬೈಟು ಹೋಯಿತು ಎಂಬುದಷ್ಟೇ ದಕ್ಕುತ್ತದೆ. ಲಕೋಟೆ ಕಾಣುತ್ತದೆ, ಒಳಗಿನ ಕಾಗದ ಕಾಣುವುದಿಲ್ಲ.

ಹೊರಹೋಗುವುದೆಲ್ಲ ಕೆಟ್ಟದ್ದು ಎನ್ನಲಾರೆ. ಪ್ರೋಗ್ರಾಂ ಕುಸಿದಾಗ ಹೋಗುವ ದೋಷವರದಿಯಿಂದ ಮುಂದಿನ ಆವೃತ್ತಿ ಸುಧಾರಿಸುತ್ತದೆ. ಕೇಳಿ ಪಡೆದರೆ ನಾನೂ ಸಂತೋಷದಿಂದ ಕೊಡುತ್ತೇನೆ. ಕೇಳದೆ ಒಯ್ಯುವುದನ್ನು ಮಾತ್ರ ಒಪ್ಪಲಾರೆ.

ಇದು ಹಳೆಯ ಚಾಳಿ. 1999ರಲ್ಲೇ ರಿಯಲ್‌ಜೂಕ್‌ಬಾಕ್ಸ್ ಎಂಬ ಸಂಗೀತದ ತಂತ್ರಾಂಶ, ಜನ ಯಾವ ಸಿ.ಡಿ. ಕೇಳುತ್ತಾರೆ ಎಂಬುದನ್ನು ಪ್ರತಿ ಬಳಕೆದಾರನಿಗೂ ಅಂಟಿಸಿದ್ದ ಪ್ರತ್ಯೇಕ ಗುರುತುಸಂಖ್ಯೆಯ ಜೊತೆ ಕಂಪನಿಗೆ ಕಳುಹಿಸುತ್ತಿದ್ದದ್ದು ಪತ್ತೆಯಾಯಿತು. ಆದರೆ ನನಗೆ ಅತಿ ಹೆಚ್ಚು ಸಿಟ್ಟು ತರಿಸಿದ್ದು ಅವಾಸ್ಟ್ ಪ್ರಕರಣ. ಅದು ಆಂಟಿವೈರಸ್ ಕಂಪನಿ. ಜಾಲತಾಣಗಳು ನಿಮ್ಮನ್ನು ಹಿಂಬಾಲಿಸದಂತೆ ತಡೆಯುತ್ತೇವೆ ಎಂದು ಹೇಳಿಕೊಂಡದ್ದು. ಅದೇ ಕಂಪನಿ ಬಳಕೆದಾರರು ಯಾವ ಪುಟಕ್ಕೆ ಹೋದರು ಎಂಬುದನ್ನು ಕಲೆಹಾಕಿ, ಜಂಪ್‌ಶಾಟ್ ಎಂಬ ತನ್ನ ಅಂಗಸಂಸ್ಥೆಯ ಮೂಲಕ ನೂರಕ್ಕೂ ಹೆಚ್ಚು ಸಂಸ್ಥೆಗಳಿಗೆ ಮಾರಿತು. ಬೇಲಿಯೇ ಎದ್ದು ಹೊಲ ಮೇಯ್ದಿತ್ತು. 2020ರ ಜನವರಿಯಲ್ಲಿ ಪತ್ರಕರ್ತರು ಇದನ್ನು ಬಯಲಿಗೆಳೆದ ಮೇಲೆ ಜಂಪ್‌ಶಾಟ್ ಮುಚ್ಚಿತು. 2024ರಲ್ಲಿ ಗ್ರಾಹಕರ ಹಿತ ಕಾಯುವ ಅಮೆರಿಕದ ಸರ್ಕಾರಿ ಸಂಸ್ಥೆ ಫೆಡರಲ್ ಟ್ರೇಡ್ ಕಮಿಷನ್ ಅವಾಸ್ಟ್‌ನಿಂದ 1.65 ಕೋಟಿ ಡಾಲರ್ ಕಟ್ಟಿಸಿತು.

ಹೆಸರು ತೆಗೆದೇ ಕೊಟ್ಟಿದ್ದೇವೆ ಎನ್ನುವುದು ಇಂಥವರ ಸಾಮಾನ್ಯ ಸಮಜಾಯಿಷಿ. ಅದನ್ನು ನಂಬಬೇಡಿ. ಅವಾಸ್ಟ್ ಮಾರಿದ ದತ್ತಾಂಶದಲ್ಲಿ ಪ್ರತಿ ಬ್ರೌಸರಿಗೂ ಒಂದು ಗುರುತು, ಪ್ರತಿ ಭೇಟಿಗೂ ನಿಖರವಾದ ವೇಳೆ ಇತ್ತು. ನೀವು ಒಂದು ಆನ್‌ಲೈನ್ ಅಂಗಡಿಯಲ್ಲಿ ಒಂದು ಪುಸ್ತಕ ಕೊಂಡಿರೆಂದುಕೊಳ್ಳಿ. ಆ ಕ್ಷಣದಲ್ಲಿ ಕೊಂಡವರು ಯಾರೆಂದು ಅಂಗಡಿಗೆ ಗೊತ್ತು. ಅಂಗಡಿಯೇ ಆ ದತ್ತಾಂಶ ಖರೀದಿಸಿದ್ದರೆ ಎರಡು ಸಾಲು ಹೊಂದಿಸಿದರೆ ಸಾಕು, ಆ ಗುರುತಿನ ಹಿಂದೆ ನಿಮ್ಮ ಹೆಸರು ಸಿಗುತ್ತದೆ. ಅದರ ಬೆನ್ನಿಗೇ ನೀವು ಹುಡುಕಿದ ಕಾಯಿಲೆ, ಓದಿದ ರಾಜಕೀಯ, ನಡುರಾತ್ರಿ ಹುಡುಕಿದ ಹೊಸ ಕೆಲಸ, ಎಲ್ಲವೂ. ಇದರಲ್ಲಿ ಯಾವುದೂ ಅಪರಾಧವಲ್ಲ, ನಿಜ. ಆದರೂ ನಿಮ್ಮ ಮಾಲೀಕನಿಗೋ ವಿಮಾ ಕಂಪನಿಗೋ ನೀವಾಗಿ ಹೇಳುತ್ತಿದ್ದಿರೇ?

"ಬಳಕೆದಾರರು ಒಪ್ಪಿದ್ದಾರಲ್ಲ" ಎಂಬ ವಾದವೂ ಇದೆ. ಸಿಯರ್ಸ್ ಎಂಬ ಅಮೆರಿಕದ ಅಂಗಡಿ ಕಂಪನಿ 10 ಡಾಲರ್ ಕೊಟ್ಟು ಗ್ರಾಹಕರಿಂದ ಒಂದು ತಂತ್ರಾಂಶ ಹಾಕಿಸಿತ್ತು. ಅದು ಬ್ಯಾಂಕ್ ಲೆಕ್ಕ, ಔಷಧ ಚೀಟಿಯ ವಿವರ, ಗ್ರಂಥಾಲಯದಿಂದ ತಂದ ಪುಸ್ತಕಗಳವರೆಗೆ ನೋಡುತ್ತಿತ್ತು. ಈ ಸಂಗತಿ ಉದ್ದನೆಯ ಪರವಾನಗಿ ಒಪ್ಪಂದದ ಒಳಗೆಲ್ಲೋ ಇತ್ತು. ಅದು ಸಾಲದು ಎಂದು ಅದೇ ಕಮಿಷನ್ 2009ರಲ್ಲಿ ಹೇಳಿ, ಸಂಗ್ರಹಿಸಿದ್ದನ್ನು ನಾಶಮಾಡಲು ಆದೇಶಿಸಿತು. ಯಾರೂ ಓದದಂತೆ ಬರೆದ ಕಾಗದಕ್ಕೆ ಒತ್ತಿಸಿಕೊಂಡ ಹೆಬ್ಬೆಟ್ಟನ್ನು ಒಪ್ಪಿಗೆ ಎಂದು ನಾನು ಕರೆಯುವುದಿಲ್ಲ.

ಇನ್ನು ನೀವು ಮಾಡಬಹುದಾದದ್ದು. ವಿಂಡೋಸ್ ಇದ್ದರೆ ಸೆಟ್ಟಿಂಗ್ಸ್‌ನ ಖಾಸಗಿತನ ವಿಭಾಗಕ್ಕೆ ಹೋಗಿ ಐಚ್ಛಿಕ ಡಯಾಗ್ನೋಸ್ಟಿಕ್ ಡೇಟಾ, ಅಂದರೆ ನಿಮ್ಮ ಯಂತ್ರದ ಬಳಕೆಯ ಬಗ್ಗೆ ಮೈಕ್ರೋಸಾಫ್ಟ್‌ಗೆ ಹೋಗುವ ಹೆಚ್ಚುವರಿ ವರದಿ, ನಿಲ್ಲಿಸಿ. ಮನೆಬಳಕೆಯ ಆವೃತ್ತಿಯಲ್ಲಿ ಪೂರ್ತಿ ನಿಲ್ಲಿಸುವ ಗುಂಡಿ ಇಲ್ಲ. ದೊಡ್ಡ ಸಂಸ್ಥೆಗಳಿಗೆ ಮಾರುವ ಆವೃತ್ತಿಯಲ್ಲಿ ಇದೆ, ಇದು ನನಗೆ ಅನ್ಯಾಯವೆನಿಸುತ್ತದೆ. ವಿಂಡೋಸ್ 10 ಅತಿಯಾಗಿ ಮಾಹಿತಿ ಎಳೆಯುತ್ತಿದೆ ಎಂದು ಫ್ರಾನ್ಸಿನ ದತ್ತಾಂಶ ರಕ್ಷಣಾ ಸಂಸ್ಥೆ 2016ರಲ್ಲಿ ನೋಟಿಸ್ ಕೊಟ್ಟ ಮೇಲೆಯೇ ಮೈಕ್ರೋಸಾಫ್ಟ್ ಕನಿಷ್ಠ ಮಟ್ಟದ ಸಂಗ್ರಹವನ್ನು ಸುಮಾರು ಅರ್ಧಕ್ಕೆ ಇಳಿಸಿತು. ಒತ್ತಡ ಹಾಕಿದರೆ ಫಲವಿದೆ. ಬ್ರೌಸರಿಗೆ ಸೇರಿಸಿಕೊಳ್ಳುವ ಪುಟ್ಟ ತಂತ್ರಾಂಶಗಳಾದ ಎಕ್ಸ್‌ಟೆನ್ಶನ್‌ಗಳಲ್ಲಿ ಎಲ್ಲ ತಾಣಗಳನ್ನೂ ಓದುವ ಅನುಮತಿ ಪಡೆದವನ್ನು ಹುಡುಕಿ, ತೀರಾ ಬೇಕಿಲ್ಲದ್ದನ್ನು ಇಂದೇ ಕಿತ್ತುಹಾಕಿ. ಅವಾಸ್ಟ್ ಕೂಡ ಈ ದಾರಿಯಲ್ಲೇ ಬಂದಿತ್ತು. ಪ್ರತಿ ದೊಡ್ಡ ಅಪ್‌ಡೇಟಿನ ನಂತರ ಸೆಟ್ಟಿಂಗ್‌ಗಳನ್ನು ಮತ್ತೊಮ್ಮೆ ನೋಡಿ.

ಆ ಪ್ರಿಂಟರ್ ತಂತ್ರಾಂಶವನ್ನು ನಾನು ತೆಗೆದುಹಾಕಿ, ಆಪರೇಟಿಂಗ್ ಸಿಸ್ಟಂ ಜೊತೆಗೇ ಬರುವ, ಪ್ರಿಂಟರನ್ನು ನಡೆಸುವ ಡ್ರೈವರ್ ಬಳಸುತ್ತಿದ್ದೇನೆ. ಮುದ್ರಣ ಮೊದಲಿನಂತೆಯೇ ಆಗುತ್ತಿದೆ. ಆ ವಿಳಾಸಕ್ಕೆ ರಾತ್ರಿ ಈಗ ಏನೂ ಹೋಗುತ್ತಿಲ್ಲ.