ಅಜ್ಜಿಯೋ, ಚಿಲ್ಲರೆಯೋ?

ಕಾರವಾರದ ಓದುಗರೊಬ್ಬರ ಪತ್ರದ ಸಾರ ಇದು: ‘ಮಗಳು ಲಿಸ್ಬನ್‌ನಲ್ಲಿದ್ದಾಳೆ. ಆರು ವರ್ಷದ ಮೊಮ್ಮಗ ಅಲ್ಲೇ ಹುಟ್ಟಿ ಬೆಳೆದವನು. ಅಜ್ಜಿಗೆ ಪೋರ್ಚುಗೀಸಿನಲ್ಲಿ ಅವೊ ಅನ್ನುತ್ತಾರೆ ಎಂದು ಮಗಳು ಹೇಳಿಕೊಟ್ಟಳು. ಫೋನಿನಲ್ಲಿ ನಾನು ‘ಆವೊ’ ಅಂದೆ. ಹುಡುಗ ಬಿದ್ದು ಬಿದ್ದು ನಕ್ಕ. ಒತ್ತು ತಪ್ಪಾಯಿತಂತೆ. ಇರುವುದೇ ಎರಡಕ್ಷರ. ಅಷ್ಟು ಸಣ್ಣ ಹುಡುಗ ಇದನ್ನು ತಲೆಯಲ್ಲಿ ಹೇಗೆ ಲೆಕ್ಕ ಹಾಕುತ್ತಾನೆ?’

ಸಂಪಾದಕರ ಉತ್ತರ:

ನಮಸ್ಕಾರ ಅಮ್ಮ. ಮೊದಲು ನೀವು ಹೇಳಿದ್ದೇನು ಅಂತ ನೋಡೋಣ. ಅಜ್ಜಿ ಆಗಬೇಕಾದರೆ ಒತ್ತು ಕೊನೆಯ ‘ವೊ’ ಮೇಲೆ ಬೀಳಬೇಕು. ಮೊದಲ ಅಕ್ಷರದ ಮೇಲೆ ಬಿದ್ದರೆ ಅದು ಬೇರೆಯೇ ಪದ. ಭಿನ್ನರಾಶಿ ಓದುವಾಗ ಬರುವ ‘ಪಾಲು’ ಅನ್ನುವ ಅರ್ಥ. ಹಿಂದೆ ಪೋರ್ಚುಗೀಸರ ಕೈಲಿದ್ದ ಮಕಾವ್‌ನಲ್ಲಿ ನಮ್ಮ ರೂಪಾಯಿಯ ಹಾಗಿನ ಒಂದು ಪಟಾಕಾಗೆ ನೂರು ಆವೊ, ಅಂದರೆ ಪೈಸೆಯ ಹಾಗೆ ಚಿಲ್ಲರೆ. ಮೊಮ್ಮಗ ಇದಕ್ಕೇ ನಕ್ಕ ಅಂತಲ್ಲ, ಆರು ವರ್ಷಕ್ಕೆ ಭಿನ್ನರಾಶಿ ಎಲ್ಲಿ ಬರಬೇಕು! ಅವನ ಕಿವಿಗೆ ಅದು ಅಜ್ಜಿ ಅಂತ ಕೇಳಲಿಲ್ಲ, ಅಷ್ಟೇ.

ಇಲ್ಲಿ ಒತ್ತು ಅಂದರೆ ನಮ್ಮ ಒತ್ತಕ್ಷರ ಅಲ್ಲ. ಪದದಲ್ಲಿ ಒಂದು ಅಕ್ಷರವನ್ನು ಎದ್ದು ಕಾಣುವಂತೆ ಹೇಳುವುದು. ಪೋರ್ಚುಗೀಸಿನಲ್ಲಿ ಅದು ಕೊನೆಯ ಮೂರು ಅಕ್ಷರಗಳಲ್ಲಿ ಒಂದರ ಮೇಲೆ ಬೀಳುತ್ತದೆ. ಜಾಸ್ತಿ ಪದಗಳಲ್ಲಿ ಕೊನೆಯದಕ್ಕಿಂತ ಹಿಂದಿನದರ ಮೇಲೆ. ಆದರೆ ಅದನ್ನೇ ನಂಬಿ ಕೂರುವ ಹಾಗಿಲ್ಲ. ‘ಸಾಬಿಯ’ ಅಂದರೆ ತಿಳಿದವಳು, ‘ಸಬೀಯ’ ಅಂದರೆ ಗೊತ್ತಿತ್ತು, ‘ಸಬಿಯಾ’ ಅಂದರೆ ಬ್ರೆಜಿಲಿನ ಒಂದು ಹಾಡುಹಕ್ಕಿ. ಮೂರಕ್ಕೂ ಅಕ್ಷರ ಅವೇ, ಒತ್ತು ಮಾತ್ರ ಬೇರೆ.

ನಾನು ಈಗ ಏನು ಮಾಡಿದೆ ಗಮನಿಸಿದಿರಾ? ಒತ್ತು ತೋರಿಸಲು ದೀರ್ಘ ಹಾಕಿದೆ. ಕನ್ನಡದ ಕಿವಿ ಮಾಡುವುದೂ ಇದನ್ನೇ. ನಮಗೆ ಬಳೆ ಬೇರೆ, ಬಾಳೆ ಬೇರೆ. ಉದ್ದ ಗಿಡ್ಡ ಅನ್ನುವುದು ನಮಗೆ ಚೆನ್ನಾಗಿ ಗೊತ್ತು, ಒತ್ತು ಗೊತ್ತಿಲ್ಲ. ಪೋರ್ಚುಗೀಸಿನಿಂದ ಬಂದ ಪದಗಳನ್ನೇ ನೋಡಿ. ಚಾವಿ, ಪಾದ್ರಿ, ಬಾಲ್ದಿ, ಪಗಾರ, ಬಟಾಟೆ. ಅಲ್ಲಿ ಎಲ್ಲಿ ಒತ್ತು ಇತ್ತೋ ಇಲ್ಲಿ ಅಲ್ಲೇ ದೀರ್ಘ ಕೂತಿದೆ. ಇವು ನೇರವಾಗಿ ಬಂದವೋ, ಕೊಂಕಣಿ ಮರಾಠಿಗಳನ್ನು ಸುತ್ತಿ ಬಂದವೋ, ಯಾರೋ ಹಿಂದಿನವರ ಕಿವಿ ಒತ್ತನ್ನು ಉದ್ದವಾಗಿ ಕೇಳಿಸಿಕೊಂಡಿದೆ. ಅನಾನಸು ಮಾತ್ರ ಕೈಕೊಡುತ್ತದೆ. ಅಲ್ಲಿ ಒತ್ತು ಕೊನೆಯ ‘ನಸ್’ ಮೇಲೆ, ನಾವು ಎಳೆದದ್ದು ನಡುವಿನ ‘ನಾ’. ಇರಲಿ ಬಿಡಿ.

ಹಾಗಾದರೆ ನಿಮ್ಮ ಮೊಮ್ಮಗನೂ ಉದ್ದವನ್ನೇ ಅಳೆಯುತ್ತಾನಾ? ಸ್ವಲ್ಪ ಮಟ್ಟಿಗೆ ಹೌದು. ಆದರೆ ಲಿಸ್ಬನ್ನಿನ ಮಾತಿನಲ್ಲಿ ಇನ್ನೊಂದು ಸುಳಿವು ಇದೆ. ಒತ್ತು ಬೀಳದ ಸ್ವರಗಳನ್ನು ಅವರು ನುಂಗುತ್ತಾರೆ. ಟೆಲಿಫೋನಿಗೆ ಅವರು ಬರೆಯುವುದು ‘ತೆಲೆಫೊನೆ’ ಅಂತ. ಹೇಳುವಾಗ ‘ತ್ಲ್‌ಫೊನ್’. ನಾಲ್ಕು ಸ್ವರಗಳಲ್ಲಿ ಪೂರ್ತಿ ಉಳಿದದ್ದು ಒಂದೇ, ಒತ್ತು ಬಿದ್ದದ್ದು. ನಾವೂ ಸುಮ್ಮನೆ ಎನ್ನುವುದನ್ನು ಸುಮ್ನೆ ಅನ್ನುತ್ತೇವೆ, ಆದರೆ ನುಂಗಿದ್ದರಿಂದ ಅರ್ಥ ಬದಲಾಗುವುದಿಲ್ಲ. ಅಲ್ಲಿ ಯಾವುದು ಕರಗಿತು, ಯಾವುದು ಉಳಿಯಿತು ಅನ್ನುವುದೇ ಗುರುತು. ನಿಮ್ಮ ‘ಆವೊ’ದಲ್ಲಿ ಮಂಕಾಗಬೇಕಿದ್ದ ‘ಅ’ ಬಾಯ್ತುಂಬ ಬಂತು. ಹುಡುಗ ಹಿಡಿದದ್ದು ಬಹುಶಃ ಅದನ್ನೇ.

ಇದಕ್ಕೆ ಒಳ್ಳೆಯ ಪುರಾವೆ ಇದೆ. ಫ್ರೆಂಚ್ ಮಾತಾಡುವವರಿಗೆ ಒತ್ತಿನ ವ್ಯತ್ಯಾಸ ಹಿಡಿಯುವುದು ಕಷ್ಟ, ಸ್ಪ್ಯಾನಿಷ್‌ನವರಿಗೆ ಸುಲಭ ಅಂತ 1997ರಲ್ಲಿ ಡುಪೂ ಎಂಬ ಸಂಶೋಧಕ ಮತ್ತು ಜೊತೆಗಾರರು ತೋರಿಸಿದ್ದರು. ಫ್ರೆಂಚ್‌ನಲ್ಲಿ ಒತ್ತು ಯಾವಾಗಲೂ ಕೊನೆಗೇ, ಅದನ್ನು ನೆನಪಿಡುವ ಗರಜು ಇಲ್ಲ. ಇದಕ್ಕೆ ‘ಒತ್ತಿನ ಕಿವುಡು’ ಅನ್ನುವ ಹೆಸರು ಬಿತ್ತು. ಪೋರ್ಚುಗೀಸರು ಸ್ಪ್ಯಾನಿಷ್‌ನವರ ಸಾಲಿನಲ್ಲಿ ಕೂರಬೇಕಿತ್ತು, ಅಲ್ವಾ? ಲಿಸ್ಬನ್ನಿನ ಸಂಶೋಧಕರಾದ ಸೋನಿಯಾ ಫ್ರೋಟಾ, ಮರೀನಾ ವಿಗಾರಿಯೊ ಮೊದಲಾದವರು 2015ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಹಾಗಾಗಲಿಲ್ಲ. ಅರ್ಥವಿಲ್ಲದ ಪದಗಳನ್ನು ಕಟ್ಟಿ, ಯಾವ ಸ್ವರವನ್ನೂ ನುಂಗದೆ, ಬರೀ ಒತ್ತಿನ ಜಾಗ ಬದಲಿಸಿ ಕೇಳಿಸಿದರು. ಕೇಳಿದ ಪದಗಳ ಸಾಲನ್ನು ನೆನಪಿಟ್ಟು ಅದೇ ಕ್ರಮದಲ್ಲಿ ಒಪ್ಪಿಸಬೇಕು. ಪೋರ್ಚುಗೀಸರು ಫ್ರೆಂಚರ ಹಾಗೇ ತಡವರಿಸಿದರು! ನುಂಗಿದ ಸ್ವರ ಇಲ್ಲದಿದ್ದರೆ ಅವರ ಕೈಯ ದೀಪವೇ ಆರಿದಂತೆ.

ಇಷ್ಟಕ್ಕೆ ಕಥೆ ಮುಗಿಯಲಿಲ್ಲ. 2018ರಲ್ಲಿ ಇದೇ ಬಳಗ ಮಿದುಳಿನ ವಿದ್ಯುತ್ ಅಲೆಗಳನ್ನೂ ಅಳೆಯಿತು. ಬಾಯಲ್ಲಿ ಗೊತ್ತಾಗಲಿಲ್ಲ ಎನ್ನುವವರ ಮಿದುಳು ಒತ್ತು ಬದಲಾದಾಗ ‘ಏನೋ ಬೇರೆ’ ಎಂದು ಸಂಜ್ಞೆ ಕೊಡುತ್ತಿತ್ತು. ಅದರಲ್ಲೂ ಒತ್ತು ಎರಡನೆಯ ಅಕ್ಷರಕ್ಕೆ ಬಂದಾಗ ಇನ್ನೂ ಬೇಗ. ಅಂದರೆ ಕಿವಿ ಕಿವುಡಲ್ಲ. ಸದ್ದು ಒಳಗೆ ಹೋಗುತ್ತದೆ, ನೆನಪಿನಲ್ಲಿ ಹಿಡಿದಿಡುವ ಹಂತದಲ್ಲಿ ಜಾರುತ್ತದೆ ಅಂತ ನನಗೆ ಅನ್ನಿಸುತ್ತದೆ. 2020ರಲ್ಲಿ ಐದಾರು ತಿಂಗಳ ಕೂಸುಗಳನ್ನು ನೋಡಿದಾಗಲೂ, ಒತ್ತು ಎರಡನೆಯದಕ್ಕೆ ಬಿದ್ದ ಸದ್ದಿಗೇ ಅವು ಹೆಚ್ಚು ಹೊತ್ತು ನೋಡಿದವು. ನಿಮ್ಮ ಮೊಮ್ಮಗನ ಅಭ್ಯಾಸ ತೊಟ್ಟಿಲಿನಿಂದಲೇ ಶುರುವಾಗಿರಬೇಕು. ಲೆಕ್ಕ ಗಿಕ್ಕ ಏನೂ ಇಲ್ಲ.

ಇನ್ನು ಮುಂದಿನ ಫೋನಿಗೆ: ಮೊದಲ ‘ಅ’ವನ್ನು ಬಾಯಿ ತೆರೆಯದೆ, ಬೇಗ ಹೇಳಿ ಮುಗಿಸಿ. ‘ವೊ’ ಮೇಲೆ ನಿಲ್ಲಿ. ಆದರೆ ಆ ‘ಒ’ವನ್ನು ಬಾಯಿ ಅಗಲ ಮಾಡಿಯೇ ಹೇಳಬೇಕು, ‘ಆ’ಗೂ ‘ಒ’ಗೂ ನಡುವೆ. ಕೊಂಕಣಿಯಲ್ಲಿ ಅಂಥ ‘ಒ’ ಇದೆ, ಕಾರವಾರದಲ್ಲಿ ಹೇಳಿಕೊಡುವವರಿಗೆ ಬರವಿಲ್ಲ. ತುಟಿ ಗುಂಡಗೆ ಮಾಡಿ ‘ಅವೊ’ ಅಂದಿರೋ, ಒತ್ತು ಸರಿಯಾಗಿದ್ದರೂ ಅಜ್ಜ ಆಗಿಬಿಡುತ್ತೀರಿ.